ಏಳನೇ ನಂಬರಿನ ಪೀಪಾಯಿ

ಸೇಂತ್ ಒನೋರೆ
ಅಕ್ಟೋಬರ್ 14, 1974

ಘನತೆವೆತ್ತ ಗಡ್ಡೆ ಪರೀಕ್ಷಾಧಿಕಾರಿಣಿ ಕುಮಾರಿ ಕೊರೀನ್ ಲಗಾಸೆಯವರ ಸನ್ನಿಧಾನಕ್ಕೆ,

ತಮ್ಮ ವಿಧೇಯ ತಮ್ಮನೂ, ಲಗಾಸೆ ಗಡ್ಡೆಮನೆಯ ಮುಖ್ಯ ಕಾವಲುಗಾರನೂ ಆದ ಆಲ್ಸೀದನ ಅನಂತ ನಮಸ್ಕಾರಗಳು. ಈ ಕಡೆ ಸರ್ವರೂ ಕ್ಷೇಮ. ಆ ಕಡೆಯ ಕ್ಷೇಮಕ್ಕೆ ಒಂದು ಸಾಲು ಬರೆದರೆ ವಿಶ್ವವಿದ್ಯಾನಿಲಯದ ಶಾಯಿ ಮುಗಿದುಹೋಗುವುದಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಗಡ್ಡೆ ರಜೆ ಮುಗಿಯಿತು. ಮೂರು ವಾರ ಬೆನ್ನು ಬಗ್ಗಿಸಿ ಆಲೂಗಡ್ಡೆ ಹೆಕ್ಕಿದ ಮಕ್ಕಳೆಲ್ಲ ಬೆಂಚಿನ ಮೇಲೆ ಕೂತು ನಿದ್ದೆ ಮಾಡಲೆಂದು ನಾಳೆ ಶಾಲೆ ಬಾಗಿಲು ತೆರೆಯುತ್ತಿದೆ. ಗುಡ್ಡದ ಹೊಟ್ಟೆಯೊಳಗಿನ ನಮ್ಮ ಗಡ್ಡೆಮನೆ ಸೂರಿನವರೆಗೂ ತುಂಬಿದೆ. ಬೇಲಿ ಪಕ್ಕದ ನಿನ್ನ ಸಾಲು ಮಾತ್ರ ಕೊನೇ ದಿನದವರೆಗೂ ಹಾಗೇ ಇತ್ತು. ನೀನು ಐದನೇ ವಯಸ್ಸಿನಿಂದ ಹೆಕ್ಕಿದ ಸಾಲನ್ನು ಯಾರಿಗೆ ಕೊಡುವುದೆಂದು ಅಪ್ಪ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಡೆಗೆ ಅಪ್ಪನೇ ಮಂಡಿಯೂರಿ ಹೆಕ್ಕಿದ. ತುಂಬಿದ ಪೀಪಾಯಿಗಳ ಮೇಲೆ, ಹೆಕ್ಕಿದವರ ಲೆಕ್ಕಕ್ಕೆಂದು ತನ್ನ ನಂಬರಿನ ಚೀಟಿ ಇಡುವ ಬದಲು, ನಿನ್ನ ಏಳನೇ ನಂಬರಿನ ಚೀಟಿ ಇಟ್ಟ. ‘ಇವು ಅವಳ ಪರೀಕ್ಷೆಗೆ’ ಅಂದ. ಅದಕ್ಕಿಂತ ಉದ್ದದ ಭಾಷಣ ನೀನು ಹೋದಮೇಲೆ ಅಪ್ಪನ ಬಾಯಿಂದ ಬಂದಿಲ್ಲ.

ಆ ನಾಲ್ಕು ಪೀಪಾಯಿಗಳು ಈಗ ಉತ್ತರದ ಮೂಲೆಯಲ್ಲಿ, ತಮ್ಮ ಆಜ್ಞೆಯಂತೆ ಕತ್ತಲಲ್ಲಿ, ತಣ್ಣಗೆ, ಧ್ಯಾನಾಸಕ್ತವಾಗಿವೆ. ತಿಂಗಳಿಗೊಮ್ಮೆ ಒಂದು ಚೀಲ ತೆಗೆದು ಬಸ್ಸಿಗೆ ಹಾಕುವುದು, ಎಲ್ಲಿವರೆಗೆ ತೆಗೆದೆನೋ ಅಲ್ಲಿಗೆ ಪೀಪಾಯಿಯ ಒಳಗೆ ಸೀಮೆಸುಣ್ಣದ ಗೆರೆ ಎಳೆಯುವುದು ನನ್ನ ರಾಜಕಾರ್ಯ. ಬೇಸಿಗೆಯವರೆಗಿನ ಈ ಲೆಕ್ಕ ಸರಿಯಾಗಿ ಬಂದರೆ ಅಲ್ಲಿ ನಿನಗೆ ಸಂಶೋಧನೆಯ ಜಾಗ ಸಿಗುತ್ತದೆ ಅಂದಿದ್ದೆಯಲ್ಲ, ಆದ್ದರಿಂದ ಗಡ್ಡೆಗಳ ಮುಂದೆ ಟೋಪಿ ತೆಗೆದೇ ಓಡಾಡುತ್ತಿದ್ದೇನೆ.

ಮೊದಲ ಚೀಲ ಹೊಲಿಯುವಾಗ ನಮ್ಮಜ್ಜಿ ಮೆಮೇರ್ ಬಂದು ನಿಂತಳು.

‘ಅಲ್ಲ ಕಣೋ, ಅಷ್ಟು ದೊಡ್ಡ ಕಾಲೇಜಲ್ಲಿ ತಿನ್ನೋಕೆ ಆಲೂಗಡ್ಡೆ ಇಲ್ವಾ?’

‘ತಿನ್ನೋಕಲ್ಲ ಮೆಮೇರ್, ಪರೀಕ್ಷೆ ಮಾಡೋಕೆ. ತಿಂಗಳುಗಟ್ಲೆ ಹಾಗೇ ಇಟ್ರೆ ಒಳಗಿನ ಸತ್ವ ಎಷ್ಟು ಉಳಿಯುತ್ತೆ ಅಂತ.’

‘ಅದಕ್ಕೆ ಪರೀಕ್ಷೆ ಬೇರೆ ಕೇಡು. ಎಂಬತ್ತೊಂದು ವರ್ಷ ಇಟ್ಟಿರೋ ನನ್ನನ್ನ ನೋಡಿದ್ರೆ ಗೊತ್ತಾಗಲ್ವಾ?’

ಇದನ್ನು ನಿನ್ನ ಪ್ರೊಫೆಸರರಿಗೆ ತಿಳಿಸತಕ್ಕದ್ದು. ಚೀಲದ ಬಾಯಲ್ಲಿ ಬಟ್ಟೆ ಸುತ್ತಿದ ಪ್ಲೋಯ್ ರೊಟ್ಟಿಗಳಿವೆ. ಅವನ್ನು ಪರೀಕ್ಷೆ ಮಾಡದೆ ತಿನ್ನುವುದು.

ಇತಿ ತಮ್ಮ ಪಾದಧೂಳಿ,
ಆಲ್ಸೀದ್

*

ಓರೊನೊ
ನವೆಂಬರ್ 20, 1974

ಪ್ರೀತಿಯ ಕೋತಿ,

ಎರಡು ಚೀಲಗಳೂ ಬಂದವು. ಪ್ಲೋಯ್ ಬಸ್ಸಿನಲ್ಲೇ ಒಣಗಿ ಹಪ್ಪಳವಾಗಿತ್ತು. ಹಾಗೇ ತಿಂದೆ.

ನೀನು ಕೇಳದಿದ್ದರೂ ಹೇಳುತ್ತೇನೆ. ಗಡ್ಡೆಯನ್ನು ಅರೆದು, ಸೋಸಿ, ಆ ರಸದ ಮೇಲೆ ಒಂದು ಬಣ್ಣದ ನೀರನ್ನು ಹನಿ ಹನಿಯಾಗಿ ಬಿಡುತ್ತೇನೆ. ರಸದಲ್ಲಿ ವಿಟಮಿನ್ ಸಿ ಇರುವತನಕ ಬಣ್ಣ ಮಾಯವಾಗುತ್ತಿರುತ್ತದೆ. ಅದು ಮುಗಿದ ಕೂಡಲೇ ತಿಳಿ ಗುಲಾಬಿ ನಿಂತುಬಿಡುತ್ತದೆ. ಹೊಲದಿಂದ ಬಂದಾಗ ನೂರು ಗ್ರಾಂ ಗಡ್ಡೆಗೆ ಇಪ್ಪತ್ತನಾಲ್ಕು ಮಿಲಿಗ್ರಾಂ ಇತ್ತು. ಈಗ ಹತ್ತೊಂಬತ್ತು. ಗಡ್ಡೆ ನೋಡಿದರೆ ಏನೂ ಆಗಿಲ್ಲ. ಅದೇ ತೂಕ, ಅದೇ ಗಟ್ಟಿ, ಸಿಪ್ಪೆ ಕೂಡ ಹೊಳೆಯುತ್ತದೆ. ಒಳಗೆ ಮಾತ್ರ ಸದ್ದಿಲ್ಲದೆ ಇಳಿಯುತ್ತಿದೆ.

ಮುಖ್ಯವಾದ ಮಾತು ಒಂದೇ. ಆರಿಸಬೇಡ, ತೊಳೆಯಬೇಡ, ಚೆಂದದ್ದನ್ನೇ ನೋಡಿ ಹಾಕಬೇಡ. ಕಣ್ಣು ಮುಚ್ಚಿ ಪೀಪಾಯಿಗೆ ಕೈ ಹಾಕು, ಬಂದದ್ದನ್ನು ಕಳಿಸು. ಮತ್ತೆ, ಆಲ್ಸೀದ್, ದಯವಿಟ್ಟು ನಿನ್ನ ಆಟ ಇದರಲ್ಲಿ ಬೇಡ. ನಮ್ಮ ಲ್ಯೂಸಿ ಅತ್ತೆಯ ಕೂಸಿನ ನಾಮಕರಣದಲ್ಲಿ ತೊಟ್ಟಿಲೊಳಗೆ ಟೋಪಿ ಹಾಕಿದ ಆಲೂಗಡ್ಡೆ ಮಲಗಿಸಿದವನು ನೀನು. ಪಾದ್ರಿಗಳು ನೀರು ಚಿಮುಕಿಸಿಯೂ ಬಿಟ್ಟಿದ್ದರು. ನಾನೂ ನಕ್ಕಿದ್ದೆ. ಇಲ್ಲಿ ನಗುವವರಿಲ್ಲ. ಈ ವಿಭಾಗದಲ್ಲಿ ನಾನೊಬ್ಬಳೇ ಹುಡುಗಿ, ನಮ್ಮ ಆಲೂಗಡ್ಡೆ ಕಣಿವೆಯ ಕಡೆಯಿಂದ ಬಂದವಳೂ ನಾನೊಬ್ಬಳೇ.

ಮುಂದಿನ ವಾರ ಕೃತಜ್ಞತಾ ಹಬ್ಬದ ಗುರುವಾರಕ್ಕೆ ಬರಲಾಗುವುದಿಲ್ಲ. ಮೆಮೇರ್‌ಗೆ ಹೇಳು. ಅಪ್ಪನಿಗೂ.

ಅಕ್ಕ,
ಕೊರೀನ್

*

ಸೇಂತ್ ಒನೋರೆ
ಡಿಸೆಂಬರ್ 29, 1974

ಮಹಾಪರೀಕ್ಷಕರೇ,

ಕ್ರಿಸ್ಮಸ್ ನಡೆಯಿತು. ನಿನ್ನನ್ನು ಕಾಯದೆ ನಡೆಯಿತು ಎಂದು ಬರೆಯುವಷ್ಟು ಸುಳ್ಳುಗಾರ ನಾನಲ್ಲ. ಮೆಮೇರ್ ಮಾಂಸದ ಪೈ ಮಾಡಿ ನಿನ್ನ ಪಾಲನ್ನು ಹೊರಗಿನ ಜಗಲಿಯ ಹಿಮದಲ್ಲಿ ಮುಚ್ಚಿಟ್ಟಿದ್ದಾಳೆ. ಹಿಮ ಕರಗುವತನಕ ಕೆಡುವುದಿಲ್ಲವಂತೆ. ಅದರಲ್ಲಿ ವಿಟಮಿನ್ ಎಷ್ಟು ಉಳಿಯುತ್ತದೋ ಆಮೇಲೆ ನೀನೇ ಬಂದು ಹನಿ ಹಾಕಿ ನೋಡು.

ನಿನ್ನ ಡಿಸೆಂಬರಿನ ಅಂಕಿ ಬಂದ ಕಾಗದವನ್ನು ಭಾನುವಾರದ ಊಟದ ಮೇಲೆ ಸಭೆಗೆ ಓದಿ ಹೇಳಿದೆ. ಸುಮ್ಮನೆ ಓದಿದರೆ ಚೆಂದವೇ? ಅಪ್ಪನ ಮದುವೆಯ ಟೈ ಕಟ್ಟಿಕೊಂಡು, ಕುರ್ಚಿಯ ಮೇಲೆ ಹತ್ತಿ, ನಮ್ಮ ಶಾಲೆಯ ಹಿರಿಯ ಸನ್ಯಾಸಿನಿಯ ಮೂಗಿನ ದನಿಯಲ್ಲಿ ಶುರುಮಾಡಿದೆ: ‘ಲಗಾಸೆ ಮನೆತನದ ಆಲೂಗಡ್ಡೆಯ ಪ್ರಗತಿಪತ್ರ! ಅಕ್ಟೋಬರ್, ಇಪ್ಪತ್ತನಾಲ್ಕು. ನವೆಂಬರ್, ಹತ್ತೊಂಬತ್ತು. ಡಿಸೆಂಬರ್, ಹದಿನೈದು. ನಡತೆ ಸಾಧಾರಣ. ಗಮನ ಸಾಲದು. ಪೋಷಕರು ಬಂದು ಕಾಣತಕ್ಕದ್ದು!’

ಅಪ್ಪ ಕೂಡ ಮೀಸೆಯಡಿ ನಕ್ಕ, ದೇವರಾಣೆ. ಮೆಮೇರ್ ನಗಲಿಲ್ಲ.

‘ಪಾಸಾಗೋಕೆ ಎಷ್ಟು ಬರ್ಬೇಕೋ?’

‘ಇಪ್ಪತ್ತಾದ್ರೂ ಬೇಕು ಮೆಮೇರ್.’

‘ನಮ್ಮನೇ ಗಡ್ಡೆ ಫೇಲಾ?’

‘ಸದ್ಯಕ್ಕೆ ಫೇಲು. ಪಾಸಾಗೋವರ್ಗೂ ಕೊರೀನ್‌ನ ಮನೆಗೆ ಬಿಡಲ್ಲ ಅಂತ ಪ್ರೊಫೆಸರ್ರು ಬಾಗಿಲಿಗೆ ಬೀಗ ಹಾಕಿದಾರೆ.’

‘ಹಾಳಾದೋನು,’ ಅಂದಳು. ನನಗೋ ಪ್ರೊಫೆಸರಿಗೋ ಗೊತ್ತಾಗಲಿಲ್ಲ. ಮರುದಿನ ಬೆಳಗ್ಗೆ ಲಾಂದ್ರ ಹಿಡಿದು ಗಡ್ಡೆಮನೆಗೆ ಹೋಗಿ ನಿನ್ನ ಪೀಪಾಯಿಗಳ ಮೇಲೆ ಹಳೇ ಕಂಬಳಿ ಹೊದಿಸಿ ಬಂದಿದ್ದಾಳೆ. ತೆಗೆದೆ, ಹೆದರಬೇಡ.

ಹೊಸ ವರ್ಷದ ಶುಭಾಶಯಗಳೊಂದಿಗೆ,
ಫೇಲಾದ ಗಡ್ಡೆಗಳ ಪೋಷಕ,
ಆಲ್ಸೀದ್

*

ಓರೊನೊ
ಫೆಬ್ರವರಿ 16, 1975

ಆಲ್ಸೀದ್,

ಜನವರಿಗೆ ಹನ್ನೆರಡು, ಈಗ ಹತ್ತು. ನಾವು ಊಹಿಸಿದ ಹಾಗೇ ಇಳಿಯುತ್ತಿದೆ, ಚೆಂದದ ಗೆರೆ. ಪ್ರೊಫೆಸರ್ ಟ್ರಸ್ಕಾಟ್ ಗೆರೆಯನ್ನು ನೋಡಿ ‘ಹೂಂ’ ಅಂದರು. ಅವರ ‘ಹೂಂ’ ಎಂದರೆ ಇಲ್ಲಿ ಪದಕ.

ಇನ್ನೊಂದು ವಿಷಯ ಅಪ್ಪನಿಗೆ ಹೇಳು, ಅವನಿಗೆ ಇಷ್ಟವಾಗುತ್ತದೆ. ಚಳಿಗೆ ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದಲ್ಲ, ಅದಕ್ಕೇ ಈ ತಿಂಗಳಿನದನ್ನು ಎಣ್ಣೆಗೆ ಬಿಟ್ಟರೆ ಇದ್ದಿಲಿನ ಹಾಗೆ ಕರ್ರಗಾಗುತ್ತದೆ. ಒಂದು ಬುಟ್ಟಿಯನ್ನು ಎರಡು ವಾರ ಬೆಚ್ಚಗಿನ ಕೋಣೆಯಲ್ಲಿಟ್ಟೆ. ಸಕ್ಕರೆ ಮತ್ತೆ ಪಿಷ್ಟವಾಯಿತು, ಕರಿದರೆ ಹೊಂಬಣ್ಣ. ಅಷ್ಟೇ ಬೆಚ್ಚಗಿಟ್ಟರೂ ವಿಟಮಿನ್ ಮಾತ್ರ ಒಂದು ಚೂರೂ ಮರಳಲಿಲ್ಲ. ಹೋದದ್ದು ಹೋಯಿತು.

ಈಸ್ಟರಿಗೆ ಬರಬೇಕೆಂದಿದ್ದೇನೆ. ಮೆಮೇರ್‌ಗೆ ಈಗಲೇ ಹೇಳಬೇಡ. ಹೇಳಿದರೆ ಇವತ್ತಿನಿಂದಲೇ ಹಿಟ್ಟು ನಾದಲು ಕೂರುತ್ತಾಳೆ.

ಅಪ್ಪ ನನ್ನ ಬಗ್ಗೆ ಏನಾದರೂ ಅಂದನೇ?

ಕೊರೀನ್

*

ಸೇಂತ್ ಒನೋರೆ
ಮಾರ್ಚ್ 12, 1975

ಪೂಜ್ಯರೇ,

ಅಪ್ಪ ಏನೂ ಅನ್ನಲಿಲ್ಲ. ಆದರೆ ಸಕ್ಕರೆಯ ವಿಷಯ ಓದಿ ಹೇಳಿದಾಗ ಎದ್ದು ಹೋಗಿ, ಒಂದು ಬಕೆಟ್ ಗಡ್ಡೆ ತಂದು ಒಲೆಯ ಹಿಂದೆ ಇಟ್ಟ. ಎರಡು ವಾರವಾಯಿತು, ನಾವೆಲ್ಲ ಅದನ್ನು ಎಡವಿಕೊಂಡೇ ಓಡಾಡುತ್ತಿದ್ದೇವೆ. ಅದನ್ನು ತೆಗೆಯುವ ಧೈರ್ಯ ಯಾರಿಗೂ ಇಲ್ಲ. ನಿನ್ನ ಬಗ್ಗೆ ಅವನು ಆಡಿದ ಮಾತು ಆ ಬಕೆಟ್ಟು ಎಂದು ತಿಳಿದುಕೋ.

ಈ ತಿಂಗಳ ಚೀಲವನ್ನು ನನಗೆ ಕೆಮ್ಮು ಜ್ವರ ಬಂದದ್ದರಿಂದ ಮೆಮೇರ್ ಹೊಲಿದು ಬಸ್ಸಿಗೆ ಹಾಕಿಸಿದ್ದಾಳೆ. ಹೊಲಿಗೆ ನನ್ನದಕ್ಕಿಂತ ಚೆನ್ನಾಗಿರುತ್ತದೆ, ಲಂಚದ ಆರೋಪ ಮಾಡಬೇಡ.

ಅದಕ್ಕೆ ಮುಂಚೆ ಒಂದು ತಮಾಷೆಯಾಯಿತು. ಕಣ್ಣು ಮಂಜು, ಕನ್ನಡಕ ನೋಡಿಸಬೇಕು, ಕೆಳಗಿನ ಪೇಟೆಗೆ ಕರಕೊಂಡು ಹೋಗು ಅಂತ ಮೆಮೇರ್ ಹಟ ಹಿಡಿದಳು. ಹಿಮದಲ್ಲಿ ಟ್ರಕ್ ಓಡಿಸಿಕೊಂಡು ಹೋದೆ. ‘ನೀ ಇಲ್ಲೇ ಕೂತಿರು, ಒಳಗೆ ಬಂದು ಮಂಗಾಟ ಮಾಡ್ಬೇಡ’ ಅಂತ ನನ್ನನ್ನು ಟ್ರಕ್ಕಿನಲ್ಲೇ ಕೂರಿಸಿ ಹೋದಳು. ವಾಪಸು ಬರುವಾಗ ಕನ್ನಡಕವಿಲ್ಲ, ಕೋಟಿನೊಳಗೆ ಹೊಟ್ಟೆ ಮಾತ್ರ ಏಳು ತಿಂಗಳಿನದು. ‘ಏನು ಮೆಮೇರ್, ಶುಭ ಸಮಾಚಾರವಾ?’ ಅಂದೆ. ಕೈಚೀಲದಲ್ಲಿ ಬಡಿದಳು. ನನಗೆ ಈಸ್ಟರಿನ ಚಾಕೊಲೇಟ್ ಕೊಂಡಿರಬೇಕು, ಹಾಗಾಗಿ ತನಿಖೆ ಕೈಬಿಟ್ಟಿದ್ದೇನೆ.

ಇತಿ ಕೆಮ್ಮುತ್ತಾ,
ಆಲ್ಸೀದ್

*

ಓರೊನೊ
ಮಾರ್ಚ್ 24, 1975

ಆಲ್ಸೀದ್,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಮಾರ್ಚಿನ ಗಡ್ಡೆಗೆ ಇಪ್ಪತ್ತೊಂದು ಬಂದಿದೆ!

ಇಳಿಯುತ್ತಲೇ ಇದ್ದದ್ದು ಮೇಲೆದ್ದಿದೆ. ಬಣ್ಣದ ನೀರು ಹೊಸದಾಗಿ ಮಾಡಿ ಮೂರು ಸಲ ನೋಡಿದೆ. ಹೀಗೆ ಆಗಬಾರದು, ಪುಸ್ತಕದಲ್ಲಿಲ್ಲ. ಟ್ರಸ್ಕಾಟ್ ‘ಹೂಂ’ ಅನ್ನಲೂ ಇಲ್ಲ, ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಅವರಿಗೆ ಅನುಮಾನವಿದೆ. ಆದರೆ ನಮ್ಮ ಗಡ್ಡೆಮನೆಯ ತಂಪಿನಲ್ಲಿ, ಅದರ ಮಣ್ಣಿನ ಗೋಡೆಯಲ್ಲಿ ಏನೋ ಇರಬಹುದು ಎಂದೂ ಅಂದರು. ನಮ್ಮ ಗಡ್ಡೆಮನೆಯಲ್ಲಿ! ಮುಂದಿನ ತಿಂಗಳು ಬೆಳೆಗಾರರ ಸಭೆಯಲ್ಲಿ ಇದನ್ನು ನಾನೇ ಹೇಳಬೇಕಂತೆ.

ಹಾಗಾಗಿ ಈಸ್ಟರಿಗೆ ಬರಲಾರೆ. ಬೇಜಾರು ಮಾಡಿಕೊಳ್ಳಬೇಡಿ.

ಒಂದೇ ಒಂದು ಪ್ರಶ್ನೆ, ಹಲ್ಲು ಕಿರಿಯದೆ ಉತ್ತರ ಕೊಡು. ಗಡ್ಡೆಗಳಿಗೆ ಏನಾದರೂ ಮಾಡಿದೆಯಾ?

ಕೊರೀನ್

*

ಸೇಂತ್ ಒನೋರೆ
ಏಪ್ರಿಲ್ 1, 1975

ಪ್ರಮಾಣಪತ್ರ

ಸೇಂತ್ ಒನೋರೆ ಗ್ರಾಮದ, ಹದಿನೇಳು ವರ್ಷ ವಯಸ್ಸಿನ, ಮೀಸೆ ಇನ್ನೂ ಚಿಗುರುತ್ತಿರುವ ಆಲ್ಸೀದ್ ಲಗಾಸೆ ಎಂಬ ನಾನು, ಎಡಗೈಯನ್ನು ಆಲೂಗಡ್ಡೆಯ ಮೇಲೂ ಬಲಗೈಯನ್ನು ಎದೆಯ ಮೇಲೂ ಇಟ್ಟು, ದೇವರು, ದೇವದೂತರು ಮತ್ತು ಒಲೆಯ ಹಿಂದಿನ ಬಕೆಟ್ಟಿನ ಸಾಕ್ಷಿಯಾಗಿ ಘೋಷಿಸುವುದೇನೆಂದರೆ: ಏಳನೇ ನಂಬರಿನ ಪೀಪಾಯಿಗಳಿಗೆ ನಾನು ಚುಚ್ಚುಮದ್ದು ಕೊಟ್ಟಿಲ್ಲ, ಕಿತ್ತಳೆ ರಸ ಕುಡಿಸಿಲ್ಲ, ಜಪ ಕಲಿಸಿಲ್ಲ. ಅವು ತಮ್ಮ ಸ್ವಂತ ಪರಿಶ್ರಮದಿಂದ ಪಾಸಾಗಿವೆ.

ಮೆಮೇರ್‌ಗೆ ಇಪ್ಪತ್ತೊಂದು ಎಂದು ಓದಿ ಹೇಳಿದೆ. ಎಪ್ರನ್ ಮುಖಕ್ಕೆ ಹಿಡಿದುಕೊಂಡು ಅತ್ತಳು. ‘ಪಾಸಾಯ್ತು, ಪಾಸಾಯ್ತು’ ಅಂತ ಅಕ್ಕಪಕ್ಕದ ಮನೆಗೆಲ್ಲ ಹೇಳಿ ಬಂದಿದ್ದಾಳೆ. ಈಸ್ಟರಿಗೆ ನೀನು ಬರದದ್ದನ್ನು ಅವಳಿಗೆ ಹೇಗೆ ಅರ್ಥ ಮಾಡಿಸುವುದೋ ನನಗೆ ತಿಳಿಯಲಿಲ್ಲ.

(ಮುದ್ರೆ: ಅರ್ಧ ಗಡ್ಡೆ ಕೊರೆದು ಶಾಯಿಯಲ್ಲದ್ದಿ ಒತ್ತಿದ್ದು)
ಆಲ್ಸೀದ್ ಲಗಾಸೆ

*

ಓರೊನೊ
ಏಪ್ರಿಲ್ 19, 1975

ಆಲ್ಸೀದ್,

ಸಭೆ ಗುರುವಾರ ಆಯಿತು. ಅಪ್ಪನಂಥವರೇ ತುಂಬಿದ್ದರು, ಟೋಪಿ ಮಂಡಿಯ ಮೇಲಿಟ್ಟುಕೊಂಡು. ನಮ್ಮ ಮನೆಯ ಹಳೆಯ ಗಡ್ಡೆ ಕಳೆದುಕೊಂಡ ಸತ್ವವನ್ನು ಮರಳಿ ಪಡೆದಿದೆ ಎಂದು ಹೇಳಿದೆ. ಒಬ್ಬರು ‘ಅದು ಹೆಂಗಮ್ಮ?’ ಅಂದರು. ‘ಇನ್ನೊಂದು ಸಲ ನೋಡಿ ಹೇಳ್ತೀನಿ’ ಅಂದೆ.

ಸಂಜೆ ಪ್ರಯೋಗಶಾಲೆಗೆ ವಾಪಸು ಬಂದು, ಮಾರ್ಚಿನ ಚೀಲದಲ್ಲಿ ಉಳಿದಿದ್ದ ಒಂದು ಗಡ್ಡೆಯ ಮೇಲೆ ಹೆಬ್ಬೆರಳಿಟ್ಟು ಉಜ್ಜಿದೆ. ಸಿಪ್ಪೆ ಒದ್ದೆ ಕಾಗದದ ಹಾಗೆ ಜಾರಿ ಬಂತು. ಐದು ತಿಂಗಳು ಕೂತ ಗಡ್ಡೆಯ ಸಿಪ್ಪೆ ಹಾಗೆ ಜಾರುವುದಿಲ್ಲ. ಅದು ಹೊಸ ಗಡ್ಡೆ. ದಕ್ಷಿಣದಿಂದ ಅಂಗಡಿಗೆ ಬಂದದ್ದು. ಮೇಲೆ ಮಣ್ಣು ಸವರಿದ್ದೀಯ.

ಹೆಬ್ಬೆರಳಿನ ಪರೀಕ್ಷೆ ನನಗೆ ಅಪ್ಪ ಕಲಿಸಿದ್ದು, ಹೊಲದ ಬದುವಿನಲ್ಲಿ. ಮೊದಲ ದಿನವೇ ಮಾಡಬಹುದಿತ್ತು. ಇಪ್ಪತ್ತೊಂದು ನಿಜವಾಗಿರಲಿ ಎಂದು ಎಷ್ಟು ಆಸೆಪಟ್ಟೆನೆಂದರೆ ಬೆರಳನ್ನು ಕೇಳಲೇ ಇಲ್ಲ. ಅಷ್ಟು ನನ್ನ ತಪ್ಪು.

ಬೆಳಗ್ಗೆ ನಾನೇ ಹೋಗಿ ಹೇಳಿದೆ. ಟ್ರಸ್ಕಾಟ್ ನನ್ನ ಗೆರೆಯ ಕಾಗದವನ್ನು ಮಡಚಿ ವಾಪಸು ಕೊಟ್ಟರು. ‘ನಿಮ್ಮ ಮನೆಯವರಿಗೆ ತಮಾಷೆ ಅಂದ್ರೆ ಇಷ್ಟ ಅಂತ ಕಾಣುತ್ತೆ’ ಅಂದರು, ಅಷ್ಟೇ. ಸಂಶೋಧನೆಯ ಜಾಗ ಬೇರೆಯವರಿಗೆ ಹೋಯಿತು. ಬೇಸಿಗೆಯವರೆಗೂ ನಾನು ಸೀಸೆ ತೊಳೆಯಬಹುದಂತೆ.

ನಿನ್ನ ಪ್ರಮಾಣಪತ್ರ ಮತ್ತೆ ಓದಿದೆ. ಏಪ್ರಿಲ್ ಒಂದನೇ ತಾರೀಕು. ಬರೆಯುವಾಗ ತುಂಬ ನಕ್ಕಿರಬೇಕು.

ಇನ್ನು ಚೀಲ ಕಳಿಸಬೇಡ. ಕಾಗದವೂ ಬೇಡ.

ಕೊರೀನ್

*

ಸೇಂತ್ ಒನೋರೆ
ಮೇ 6, 1975

(ಅಂಚೆಗೆ ಹಾಕದ ಕಾಗದ)

ಕೊರೀನ್,

ಇದನ್ನು ಕಳಿಸುವುದಿಲ್ಲವೆಂದು ಬರೆಯುವಾಗಲೇ ಗೊತ್ತಿದೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನಲ್ಲ. ನಿನ್ನ ಕಾಗದ ಓದಿ ಯಾರೆಂದು ತಲೆ ಕೆಡಿಸಿಕೊಂಡೆ. ಇವತ್ತು ಬಿತ್ತನೆಗೆಂದು ಅಪ್ಪ ನಿನ್ನ ಪೀಪಾಯಿಗಳನ್ನು ಬೆಳಕಿಗೆ ಎಳೆದು ತಂದ. ಒಳಗೆ ನೋಡಿದರೆ ಗಡ್ಡೆಗಳು ಫೆಬ್ರವರಿಯ ನನ್ನ ಗೆರೆಗೇ ಸರಿಯಾಗಿ ನಿಂತಿವೆ. ಏಪ್ರಿಲಿನ ಚೀಲ ತುಂಬುವ ಮೊದಲೇ ನೀನು ಬೇಡ ಅಂದಿದ್ದೆ, ಆದರೆ ಮಾರ್ಚಿನಲ್ಲೂ ಅದರಿಂದ ಒಂದೂ ತೆಗೆದಿಲ್ಲ. ಮಾರ್ಚಿನ ಚೀಲ ಹೊಲಿದದ್ದು ಯಾರು?

ಅಡುಗೆಮನೆಗೆ ಹೋದೆ. ಮೆಮೇರ್ ಪ್ಲೋಯ್ ಹುಯ್ಯುತ್ತಿದ್ದಳು.

‘ಮೆಮೇರ್, ಆವತ್ತು ಕೋಟೊಳಗೆ ಏನಿತ್ತು?’

ಬಾಗಿಲ ಕಡೆ ನೋಡಿ, ಅಪ್ಪ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಿಸಕ್ಕನೆ ನಕ್ಕಳು. ‘ಈಗ ಕಂಡುಹಿಡಿದ್ಯಾ ದಡ್ಡ? ನೀನೊಬ್ನೇ ಆಟ ಕಟ್ಟೋನು ಅಂದ್ಕೊಂಡಿದ್ಯಾ? ನಿಮ್ಮಪ್ಪಂಗೆ ಹೇಳ್ಬೇಡ. ಲಗಾಸೆ ಮನೆಯವಳು ಅಂಗಡೀಲಿ ಆಲೂಗಡ್ಡೆ ಕೊಂಡ್ಳು ಅಂತ ಗೊತ್ತಾದ್ರೆ ಅವ್ನು ಊರಲ್ಲಿ ತಲೆ ಎತ್ತಲ್ಲ. ಜಿರೇನಿಯಂ ಕುಂಡದ ಮಣ್ಣಲ್ಲಿ ಹೊರಳಾಡ್ಸಿ ಕಳಿಸ್ದೆ. ಯಾರಾದ್ರೂ ಕಂಡುಹಿಡಿದ್ರಾ?’

‘ಯಾಕೆ ಮೆಮೇರ್?’ ಅಂದೆ.

‘ನೀನೇ ಅಲ್ವಾ ಹೇಳಿದ್ದು? ಇಪ್ಪತ್ತು ಬಂದ್ರೆ ಪಾಸು, ಪಾಸಾದ್ರೆ ಬಿಡ್ತಾರೆ ಅಂತ? ಇಪ್ಪತ್ತೊಂದು ಬಂತಲ್ಲ. ಮತ್ತೆ ಯಾಕೋ ಬರ್ಲಿಲ್ಲ ಹುಡುಗಿ?’

ಕುರ್ಚಿ ಹತ್ತಿ, ಟೈ ಕಟ್ಟಿ, ಮೂಗಿನಲ್ಲಿ ಹೇಳಿದ್ದು ನಾನೇ. ಅವಳೊಬ್ಬಳು ನನ್ನ ಮಾತನ್ನು ನಂಬಿಬಿಟ್ಟಳು.

ನಿನಗೆ ಹೇಳಿದರೆ ನಿನ್ನ ಸಿಟ್ಟು ಇಳಿಯುತ್ತದೆ, ಗೊತ್ತು. ಆದರೆ ನೀನು ಮುಖದಲ್ಲಿ ಏನನ್ನೂ ಬಚ್ಚಿಡಲಾರೆ. ಮನೆಗೆ ಬಂದ ಗಳಿಗೆಯಲ್ಲೇ ನಿನ್ನ ಕಣ್ಣು ನೋಡಿ ಅವಳಿಗೆ ತಿಳಿಯುತ್ತದೆ, ನಿನ್ನ ಜಾಗ ಕಳೆದದ್ದು ತಾನೇ ಎಂದು. ಎಂಬತ್ತೊಂದರಲ್ಲಿ ಅದನ್ನು ಹೊರಿಸಲೇ?

ಆಲ್ಸೀದ್

*

ಸೇಂತ್ ಒನೋರೆ
ಮೇ 7, 1975

ಕೊರೀನ್,

ನಾನೇ ಮಾಡಿದೆ. ತಮಾಷೆಗೆ ಮಾಡಿದೆ. ಇಷ್ಟಾಗುತ್ತದೆಂದು ತಿಳಿದಿರಲಿಲ್ಲ. ಕ್ಷಮಿಸು.

ನನ್ನ ಮೇಲಿನ ಸಿಟ್ಟು ನನ್ನ ಮೇಲಿರಲಿ. ಒಂದು ಭಾನುವಾರ ಬಂದು ಮೆಮೇರ್‌ಗೆ ಮುಖ ತೋರಿಸಿ ಹೋಗು. ನಾನು ಆ ದಿನ ಮನೆಯಲ್ಲಿರುವುದಿಲ್ಲ.

ಆಲ್ಸೀದ್

*

ಸೇಂತ್ ಒನೋರೆ
ಮೇ 18, 1975

(ಹೇಳಿದವರು: ಶ್ರೀಮತಿ ಎಗ್ಜಿಲ್ದಾ ಲಗಾಸೆ. ಬರೆದವನು: ಆಲ್ಸೀದ್.)

ನನ್ನ ಪುಟ್ಟ ಕೊರೀನ್,

ನಂಗೆ ಬರೆಯೋಕೆ ಬರಲ್ಲ, ನಿಂಗೆ ಗೊತ್ತು. ಈ ಕೋತಿ ಕೈಲಿ ಬರೆಸ್ತಿದೀನಿ. ನಾನು ಹೇಳಿದ್ದನ್ನ ಬಿಟ್ಟು ಬೇರೆ ಏನಾದ್ರೂ ಬರೆದ್ರೆ ಕಿವಿ ಹಿಂಡ್ತೀನಿ ಅಂತಾನೂ ಬರೀ ಅಂದಿದೀನಿ.

ಹಿಮ ಎಲ್ಲ ಕರಗ್ತು. ನಿನ್ನ ಪೈ ಜಗಲಿ ಮೇಲಿತ್ತಲ್ಲ, ನರಿ ತಿಂತು. ಹೋಗ್ಲಿ ಬಿಡು, ಇನ್ನೊಂದು ಮಾಡೋಣ. ಜಿರೇನಿಯಂ ಹೂ ಬಿಟ್ಟಿದೆ, ಕೆಂಪಗೆ. ನಿಮ್ಮಪ್ಪ ಬಿತ್ತನೆ ಶುರು ಮಾಡಿದಾನೆ. ನಿನ್ನ ಪೀಪಾಯಿ ಗಡ್ಡೆ ಕತ್ತರಿಸೋಕೆ ಕೈ ಬರ್ಲಿಲ್ಲ ಅವ್ನಿಗೆ. ಕಡೇಗೆ ಕತ್ತರಿಸ್ದ. ಬೇಲಿ ಪಕ್ಕದ ಸಾಲಿಗೇ ಹಾಕ್ದ.

ನಂಗೆ ಕಾಲು ಸ್ವಲ್ಪ ಊತ. ಏನಿಲ್ಲ.

(ಇಲ್ಲಿ ಮೆಮೇರ್ ಸ್ವಲ್ಪ ಹೊತ್ತು ಬೇರೆ ಏನೋ ಹೇಳಿದಳು. ಕಾಗದಕ್ಕೆ ಸಂಬಂಧವಿಲ್ಲದ್ದು. ಬರೆಯಲಿಲ್ಲ. — ಆ.)

ಹೊಟ್ಟೆ ತುಂಬ ಉಣ್ಣು. ತಲೆಗೆ ಸ್ಕಾರ್ಫ್ ಕಟ್ಟು.

ನಿನ್ನ,
ಮೆಮೇರ್

*

ಓರೊನೊ
ಸೆಪ್ಟೆಂಬರ್ 5, 1975

ಆಲ್ಸೀದ್,

ಮೆಮೇರ್‌ನ ಮಣ್ಣಿಗೆ ಬಂದ ದಿನ ನಿನ್ನ ಜೊತೆ ಒಂದು ಮಾತೂ ಆಡಲಿಲ್ಲ. ನೀನು ಪೆಟ್ಟಿಗೆಯ ಎಡಗಡೆ ಹೆಗಲು ಕೊಟ್ಟಿದ್ದೆ. ನಾನು ಬಲಗಡೆ ಬಂದು ನಿಂತೆ, ನಿನ್ನ ಮುಖ ಕಾಣದಿರಲೆಂದು.

ಚರ್ಚಿನ ನೆಲಮಾಳಿಗೆಯಲ್ಲಿ ಊಟವಾಗುತ್ತಿತ್ತಲ್ಲ, ನೀನು ಆಗಲೇ ಹೊರಟುಹೋಗಿದ್ದೆ. ಕೆಳಗಿನ ಪೇಟೆಯ ದಿನಸಿ ಅಂಗಡಿಯ ದ್ಯುಬೆ ನನ್ನ ಎದುರಿಗೆ ತಟ್ಟೆ ಹಿಡಿದು ಬಂದು ಕೂತ.

‘ನೀನೇನಾ ಕಾಲೇಜಿನ ಮೊಮ್ಮಗಳು? ನಿಮ್ಮಜ್ಜಿ ಭಾರೀ ಗಟ್ಟಿಗಿತ್ತಿ ಬಿಡಮ್ಮ. ಇಪ್ಪತ್ತು ವರ್ಷ ಅಂಗಡಿ ಇಟ್ಟಿದೀನಿ, ಈ ಕಣಿವೆಯೋರು ಒಬ್ರೂ ನನ್ನ ಹತ್ರ ಆಲೂಗಡ್ಡೆ ಕೊಂಡಿಲ್ಲ. ಇವ್ರು ಬಂದು ಪಿಸಪಿಸ ಅಂತ ಕೇಳಿದ್ರು. ಯಾಕಮ್ಮ, ಮನೇಲಿ ಗುಡ್ಡದಷ್ಟಿಲ್ವಾ ಅಂದೆ. ನನ್ನ ಮೊಮ್ಮಗಳ ಪರೀಕ್ಷೆಗಪ್ಪ, ಹೊಸದೇ ಬೇಕು, ಯಾರಿಗೂ ಹೇಳ್ಬೇಡ ಅಂದ್ರು. ಇಷ್ಟು ದಿನ ಹೇಳಿರ್ಲಿಲ್ಲ. ಇನ್ನೇನು, ಹೇಳ್ಬಹುದಲ್ವಾ? ಪರೀಕ್ಷೆ ಪಾಸಾಯ್ತಾ?’

‘ಆಯ್ತು’ ಅಂದೆ.

ನೀನು ನನಗೆ ಬರೆದ ಅಷ್ಟೂ ಕಾಗದಗಳಲ್ಲಿ ನಗಿಸದೆ ಬರೆದದ್ದು ಒಂದೇ, ಮೇ ಏಳರದ್ದು. ಸುಳ್ಳೂ ಅದೊಂದೇ. ನಾನು ಅದನ್ನು ಮಾತ್ರ ನಂಬಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೆಮೇರ್ ಹೇಳಿ ಬರೆಸಿದ ಕಾಗದವನ್ನು ನಾನು ಅವಳದೆಂದು ನಂಬಲೇ ಇಲ್ಲ. ಅಕ್ಷರ ನಿನ್ನದು. ಅಜ್ಜಿಯ ದನಿ ಅಣಕಿಸುತ್ತಿದ್ದಾನೆ, ಇದೂ ಒಂದು ಆಟ ಅಂದುಕೊಂಡೆ. ನರಿ ಪೈ ತಿಂದದ್ದು, ಕಾಲು ಊದಿದ್ದು, ಎಲ್ಲ ಆಟ. ಮಡಚಿ ಇಟ್ಟೆ. ಜೂನ್ ಹೋಯಿತು, ಜುಲೈ ಹೋಯಿತು. ಬಸ್ಸಿಗೆ ಅರ್ಧ ದಿನದ ದಾರಿ ಅಷ್ಟೇ ಇತ್ತು.

ನಿನ್ನ ಮೇಲಿದ್ದ ಸಿಟ್ಟು ಹೋಗಿದೆ. ಬೆಚ್ಚಗಿಟ್ಟರೆ ಮರಳುವುದೂ ಇದೆ, ಮರಳದ್ದೂ ಇದೆ ಎಂದು ನಿನಗೇ ಬರೆದಿದ್ದೆನಲ್ಲ.

ಆ ಕಾಗದದಲ್ಲಿ ಒಂದು ಕಡೆ ನೀನು ಏನೋ ಬಿಟ್ಟಿದ್ದೀಯ. ಸಂಬಂಧವಿಲ್ಲದ್ದು ಎಂದು ಬರೆದಿದ್ದೀಯ. ಅವಳು ಏನು ಹೇಳಿದಳು? ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಬರೆದು ಕಳಿಸು.

ಅಕ್ಕ,
ಕೊರೀನ್

*

ಸೇಂತ್ ಒನೋರೆ
ಸೆಪ್ಟೆಂಬರ್ 14, 1975

ಕೊರೀನ್,

ಮೇಲೆ ಹಾಕಲು ಬಿರುದು ಹುಡುಕಿದೆ, ಸಿಗಲಿಲ್ಲ.

ಶನಿವಾರದಿಂದ ಗಡ್ಡೆ ರಜೆ. ಬೇಲಿ ಪಕ್ಕದ ಸಾಲು ಈ ವರ್ಷ ಜೋರಾಗಿ ಬಂದಿದೆ. ಅಪ್ಪ ಚೀಟಿಗಳನ್ನು ಹಂಚುವಾಗ ಏಳನ್ನು ಜೇಬಿಗೆ ಹಾಕಿಕೊಂಡ. ನೀನು ಬಂದರೆ ತೆಗೆದುಕೊಡುತ್ತಾನೆ. ಬರದಿದ್ದರೆ ಹೋದ ವರ್ಷದ ಹಾಗೇ ಮಂಡಿಯೂರುತ್ತಾನೆ. ಮಂಡಿ ಮೊದಲಿನ ಹಾಗಿಲ್ಲ. ಇದು ಆಟವಲ್ಲ. ನನ್ನ ಅಕ್ಷರದಲ್ಲಿದೆ ಎಂದು ನಂಬದಿದ್ದರೆ ಬಂದು ನೋಡು.

ನೀನು ಕೇಳಿದ್ದು ಕೆಳಗಿದೆ. ಅಂಗಡಿಯ ವಿಷಯ ಬಂತಲ್ಲ, ನಿನಗೆ ತಿಳಿದುಹೋಗುತ್ತದೆಂದು ಅಲ್ಲಿಂದ ಕೊನೆಯವರೆಗೂ ಬಿಟ್ಟುಬಿಟ್ಟೆ. ಕಡೆಯ ಮಾತನ್ನಾದರೂ ಬರೆಯಬಹುದಿತ್ತು. ಅದೊಂದನ್ನೇ ಬರೆದಿದ್ದರೂ ನೀನು ಬರುತ್ತಿದ್ದೆ. ಆವತ್ತು ಹೊಳೆಯಲಿಲ್ಲ. ಈಗ ಅದರ ಹೊರತು ಬೇರೇನೂ ಹೊಳೆಯುವುದಿಲ್ಲ.

ಮೆಮೇರ್ ಹೇಳಿದ್ದು ಇದು:

‘ಇನ್ನೊಂದ್ ಬರ್ಕೋ. ಆ ಅಂಗಡಿ ಗಡ್ಡೇಲಿ ಒಂದು ಮಿಗಿಸ್ಕೊಂಡು ಬೇಯಿಸಿ ತಿಂದೆ ಕಣೇ, ಅದೇನು ಅಂಥಾ ದೊಡ್ಡ ಪಾಸು ಅಂತ ನೋಡೋಣ ಅಂತ. ಥೂ, ನೀರು ನೀರು, ರುಚೀನೇ ಇಲ್ಲ. ಅದಕ್ಕೆ ಇಪ್ಪತ್ತೊಂದು ಕೊಟ್ಟೋರು ಅದನ್ನ ಬಾಯಿಗಿಟ್ಟು ನೋಡಿದಾರಾ? ನಮ್ದು ಮೊಳಕೆ ಬಂದು ಸುಕ್ಕಾಗಿದ್ರೂ ನಮ್ದೇ ವಾಸಿ. ಕೇಳಿಸ್ತಾ ಪುಟ್ಟಿ? ಪಾಸಾಗ್ಲಿ ಅಂತ ಕಾಯ್ಕೊಂಡು ಕೂರ್ಬೇಡ. ಫೇಲಾದ್ರೂ ಬಾ.’

ಆಲ್ಸೀದ್